ನಾವು ಬರೆಯದ ಲೆಕ್ಕದ ಪುಸ್ತಕ: 2025ರ ಯುಪಿಐ ನೋಟಿಸ್ ಪ್ರಕರಣ

2025ರ ಜುಲೈ ತಿಂಗಳ ಒಂದು ಬೆಳಿಗ್ಗೆ ನಮ್ಮ ಬೀದಿ ಕೊನೆಯ ಬೇಕರಿಗೆ ಹೋದೆ. ಒಂದು ಟೀ, ಎರಡು ತುಂಡು ದಿಲ್‌ಪಸಂದ್, ಅರ್ಧ ಲೀಟರ್ ಹಾಲು. ದುಡ್ಡು ಕೊಡಲು ಫೋನ್ ತೆಗೆದರೆ ಸ್ಕ್ಯಾನರ್ ಕಾಣಲಿಲ್ಲ. ಅದು ಇದ್ದ ಜಾಗದಲ್ಲಿ ನೋಟ್‌ಬುಕ್ಕಿನ ಹಾಳೆ ಅಂಟಿಸಿದ್ದರು. ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಬರೆದಿತ್ತು: "ನೋ ಯುಪಿಐ, ಓನ್ಲಿ ಕ್ಯಾಷ್."

"ಏನಣ್ಣಾ ಇದು?" ಅಂದೆ.

"ಕ್ಯಾಷ್ ಇದ್ರೆ ಕೊಡಿ ಸಾರ್. ಇಲ್ಲಾಂದ್ರೆ ನಾಳೆ ಕೊಡಿ, ಪರವಾಗಿಲ್ಲ. ಎಲ್ಲರಿಗೂ ನೋಟಿಸ್ ಬರ್ತಿದೆಯಂತೆ."

ಅವರಿಗೆ ನೋಟಿಸ್ ಬಂದಿರಲಿಲ್ಲ. ಪಕ್ಕದ ಬಡಾವಣೆಯ ಕಾಂಡಿಮೆಂಟ್ಸ್ ಅಂಗಡಿಗೆ ಬಂದಿದೆ ಎಂದು ವಾಟ್ಸಾಪ್ ಗುಂಪಿನಲ್ಲಿ ಓದಿದ್ದರು. ಓದಿದ ರಾತ್ರಿಯೇ ಸ್ಕ್ಯಾನರ್ ಕಿತ್ತು ಗಲ್ಲಾಪೆಟ್ಟಿಗೆಯ ಕೆಳಗೆ ಇಟ್ಟರು. ಹಾಸನ ಕಡೆಯಿಂದ ಬಂದು ಇಪ್ಪತ್ತು ವರ್ಷದಿಂದ ಇದೇ ಅಂಗಡಿ ನಡೆಸುತ್ತಿರುವವರು. ಸುಲಭಕ್ಕೆ ಹೆದರುವ ಆಸಾಮಿ ಅಲ್ಲ. ನನ್ನ ಜೇಬಿನಲ್ಲಂತೂ ಒಂದು ರೂಪಾಯಿ ಇರಲಿಲ್ಲ. ಎಷ್ಟು ತಿಂಗಳಿಂದ ಇರಲಿಲ್ಲ ಅನ್ನುವುದೂ ನೆನಪಿರಲಿಲ್ಲ. ಸಾಲ ಹೇಳಿ ಹಾಲಿನ ಪ್ಯಾಕೆಟ್ ಹಿಡಿದು ಮನೆಗೆ ಬಂದೆ.

ಆ ವಾರ ಬೆಂಗಳೂರಿನ ಬೀದಿ ಬೀದಿಯಲ್ಲಿ ಇಂಥ ಹಾಳೆಗಳು ಕಂಡವು. ಕಾರಣ ಇದು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಪಾವತಿ ಕಂಪನಿಗಳಿಂದ 2021-22ರಿಂದ 2024-25ರವರೆಗಿನ ಯುಪಿಐ ಮಾಹಿತಿ ತರಿಸಿಕೊಂಡಿತ್ತು. ಜಿಎಸ್‌ಟಿ ನೋಂದಣಿ ಇಲ್ಲದೆಯೂ ವರ್ಷಕ್ಕೆ 40 ಲಕ್ಷಕ್ಕಿಂತ ಜಾಸ್ತಿ ಹಣ ಬಂದ ಖಾತೆಗಳನ್ನು ಹೆಕ್ಕಿತು. ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿ, ತರಕಾರಿ ಅಂಗಡಿ ಹೀಗೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಹೋಯಿತು. ಕೆಲವರಿಗೆ ಹಲವು ವರ್ಷಗಳ ತೆರಿಗೆ ಒಟ್ಟಿಗೇ ಬಂದಿತ್ತು. ಮೊತ್ತ ಲಕ್ಷಗಳಲ್ಲಿತ್ತು.

ಆಗ ನಡೆದ ಚರ್ಚೆಯೆಲ್ಲ ತೆರಿಗೆಯ ಸುತ್ತಲೇ ಇತ್ತು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡಿದ್ದು ಬೇರೆ ಸಂಗತಿ. ಯಾವತ್ತೂ ಲೆಕ್ಕ ಬರೆಯದ ಅಂಗಡಿಗೆ ಸದ್ದಿಲ್ಲದೆ ಒಂದು ಲೆಕ್ಕದ ಪುಸ್ತಕ ಹುಟ್ಟಿಕೊಂಡಿತ್ತು. ಅದನ್ನು ಬರೆದವರು ನಾವು, ಗಿರಾಕಿಗಳು. ಇಟ್ಟುಕೊಂಡವರು ಬ್ಯಾಂಕು ಮತ್ತು ಆ್ಯಪ್ ಕಂಪನಿಗಳು. ಮೊದಲ ಸಲ ಗಟ್ಟಿಯಾಗಿ ಓದಿದ್ದು ಸರ್ಕಾರ. ಅಂಗಡಿಯವರು ಮಾತ್ರ ಅದನ್ನು ತೆರೆದೇ ನೋಡಿರಲಿಲ್ಲ.

ಸ್ಕ್ಯಾನರ್ ಬಂದ ದಾರಿ

ನಮ್ಮ ಕಡೆ ಕ್ಯೂಆರ್ ಕೋಡ್ ಅಂತ ಯಾರೂ ಅನ್ನುವುದಿಲ್ಲ. ಅದು ಸ್ಕ್ಯಾನರ್. ನಿಜ ಹೇಳಬೇಕೆಂದರೆ ಸ್ಕ್ಯಾನ್ ಮಾಡುವುದು ನಮ್ಮ ಫೋನು. ಗೋಡೆಯ ಮೇಲಿನ ಚೌಕದಲ್ಲಿ ಇರುವುದು ಬರೀ ಒಂದು ವಿಳಾಸ. ಆದರೂ ಸ್ಕ್ಯಾನರ್ ಅಂದರೆ ಚೌಕ, ಮುಗೀತು.

ಯುಪಿಐ ಶುರುವಾಗಿದ್ದು 2016ರ ಏಪ್ರಿಲ್ 11ರಂದು. ಆಗ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದ ರಘುರಾಮ್ ರಾಜನ್ ಚಾಲನೆ ಕೊಟ್ಟರು. ಜೊತೆಗಿದ್ದದ್ದು 21 ಬ್ಯಾಂಕು. ವ್ಯವಸ್ಥೆ ಕಟ್ಟಿದ್ದು ಎನ್‌ಪಿಸಿಐ, ಅಂದರೆ ಭಾರತೀಯ ರಾಷ್ಟ್ರೀಯ ಪಾವತಿ ನಿಗಮ. ಬೆಂಗಳೂರಿಗೂ ಇದಕ್ಕೂ ನಂಟು ಇದೆ. ನಂದನ್ ನಿಲೇಕಣಿ ಎನ್‌ಪಿಸಿಐಗೆ ಸಲಹೆಗಾರರಾಗಿದ್ದರು. ಫೋನ್‌ಪೇ ಹುಟ್ಟಿ ಬೆಳೆದದ್ದೂ ಇದೇ ಊರಿನಲ್ಲಿ.

ಆದರೆ ಬೇಕರಿಯ ಮಟ್ಟಿಗೆ ಏಪ್ರಿಲ್ 11ಕ್ಕೆ ಯಾವ ಅರ್ಥವೂ ಇಲ್ಲ. ಅವರ ಪಂಚಾಂಗದಲ್ಲಿ ಇರುವುದು ಅದೇ ವರ್ಷದ ನವೆಂಬರ್ 8. ಐನೂರು, ಸಾವಿರದ ನೋಟು ರಾತ್ರೋರಾತ್ರಿ ರದ್ದಾದ ದಿನ. ಎರಡು ಸಾವಿರದ ನೋಟು ತಂದು ಎಂಟು ರೂಪಾಯಿ ಟೀ ಕುಡಿದವರ ಕಥೆಯನ್ನು ಅವರು ಈಗಲೂ ಹೇಳುತ್ತಾರೆ. ಆಮೇಲೆ ಕೊರೊನಾ ಬಂತು. ನೋಟು ಮುಟ್ಟಲು ಜನ ಹೆದರಿದರು. ಅದೇ ವರ್ಷ, 2020ರ ಜನವರಿ 1ರಿಂದ, ಯುಪಿಐ ಪಾವತಿಗೆ ಅಂಗಡಿಯವರಿಂದ ಶುಲ್ಕ ತೆಗೆದುಕೊಳ್ಳಬಾರದು ಎಂಬ ನಿಯಮವೂ ಬಂದಿತ್ತು. ಕಾರ್ಡ್ ಮಷಿನ್ ಇಟ್ಟುಕೊಂಡರೆ ನೂರಕ್ಕೆ ಇಷ್ಟು ಅಂತ ಕಡಿತ ಇತ್ತು. ಇದಕ್ಕೆ ಏನೂ ಇಲ್ಲ. ಒಂದು ಅಂಟು ಚೀಟಿ ಸಾಕು.

ಇನ್ನೊಂದು ಕಾರಣವನ್ನು ಯಾವ ವರದಿಯೂ ಬರೆಯುವುದಿಲ್ಲ: ಚಿಲ್ಲರೆ. ಹದಿನೇಳು ರೂಪಾಯಿ ಬಿಲ್ಲಿಗೆ ಇಪ್ಪತ್ತು ಕೊಟ್ಟರೆ ಮೂರು ರೂಪಾಯಿ ಬದಲು ಚಾಕಲೇಟ್ ಕೊಡುತ್ತಿದ್ದ ಕಾಲ ನೆನಪಿದೆ ಅಲ್ವಾ? ನೂರರ ನೋಟು ಕೊಟ್ಟರೆ "ಚಿಲ್ಲರೆ ಕೊಡಿ ಸಾರ್" ಎಂಬ ಬೇಸರದ ಮುಖ. ಯುಪಿಐ ಆ ಜಗಳವನ್ನು ಒಂದೇ ಏಟಿಗೆ ಮುಗಿಸಿತು. ಹದಿನೇಳು ಅಂದರೆ ಹದಿನೇಳು. ನನ್ನ ಲೆಕ್ಕದಲ್ಲಿ ಸಣ್ಣ ಅಂಗಡಿಗಳಲ್ಲಿ ಇದು ಇಷ್ಟು ಬೇಗ ಬೇರು ಬಿಟ್ಟಿದ್ದಕ್ಕೆ ಅರ್ಧ ಕಾರಣ ಈ ಚಿಲ್ಲರೆ.

ಆಮೇಲೆ ಬಂದದ್ದು ಮಾತಾಡುವ ಡಬ್ಬಿ. ಮೊದಮೊದಲು ಗಿರಾಕಿ ಫೋನ್ ತಿರುಗಿಸಿ ತೋರಿಸಬೇಕಿತ್ತು. ಹಳೆಯ ಸ್ಕ್ರೀನ್‌ಶಾಟ್ ತೋರಿಸಿ ಮಾಯವಾಗುವವರೂ ಇದ್ದರು. ಸಂಜೆ ಐದೂವರೆಗೆ, ಕೈಯೆಲ್ಲ ಎಣ್ಣೆ ಇರುವಾಗ, ಎಂಟು ಜನರ ಫೋನು ಯಾರು ನೋಡುತ್ತಾರೆ? ಡಬ್ಬಿ ಬಂದ ಮೇಲೆ ನೋಡುವ ಕೆಲಸ ತಪ್ಪಿತು, ಕೇಳಿದರೆ ಸಾಕು. ಅದಕ್ಕೆ ತಿಂಗಳ ಬಾಡಿಗೆ ಇದೆ. ಕೊಡುತ್ತಾರೆ, ಗೊಣಗುವುದಿಲ್ಲ.

ಸರ್ಕಾರವೂ ಬೆನ್ನು ತಟ್ಟುತ್ತಲೇ ಇತ್ತು. 2020ರಲ್ಲಿ ಬೀದಿ ವ್ಯಾಪಾರಿಗಳಿಗೆ ಬಂದ ಪಿಎಂ ಸ್ವನಿಧಿ ಸಾಲದ ಯೋಜನೆಯಲ್ಲಿ ಡಿಜಿಟಲ್ ಪಾವತಿ ತೆಗೆದುಕೊಂಡರೆ ತಿಂಗಳಿಗೆ 100 ರೂಪಾಯಿವರೆಗೆ ಕ್ಯಾಷ್‌ಬ್ಯಾಕ್ ಇತ್ತು. ಆದಾಯ ತೆರಿಗೆಯಲ್ಲೂ ಒಂದು ರಿಯಾಯಿತಿ ಇದೆ. ಲೆಕ್ಕ ಪುಸ್ತಕ ಇಡದ ಸಣ್ಣ ವ್ಯಾಪಾರಿಗೆ ನಗದು ವ್ಯಾಪಾರದಲ್ಲಿ ಶೇ. 8 ಲಾಭ ಎಂದು ಹಿಡಿಯುತ್ತಾರೆ. ಅದೇ ಹಣ ಬ್ಯಾಂಕಿನ ಮೂಲಕ ಬಂದರೆ ಶೇ. 6 ಮಾತ್ರ. ಅಂದರೆ ಒಂಬತ್ತು ವರ್ಷ ಎಲ್ಲರೂ ಸೇರಿ ಹೇಳಿದ್ದು ಒಂದೇ ಮಾತು: ಸ್ಕ್ಯಾನರ್ ಇಟ್ಟುಕೊಳ್ಳಿ. ಇಟ್ಟುಕೊಂಡರೆ ಏನೇನು ದಾಖಲಾಗುತ್ತದೆ ಎಂದು ಅಂಗಡಿ ಮುಂದೆ ನಿಂತು ಹೇಳಿದವರನ್ನು ನಾನು ನೋಡಿಲ್ಲ.

ದಾಖಲಾಗುವುದು ಎಲ್ಲವೂ. ಒಂದು ಟೀಗೆ ಕೊಟ್ಟ ದುಡ್ಡಿಗೂ ಹನ್ನೆರಡು ಅಂಕಿಯ ಒಂದು ಸಂಖ್ಯೆ ಬೀಳುತ್ತದೆ. ಯಾವ ಖಾತೆಯಿಂದ ಯಾವ ಖಾತೆಗೆ, ಎಷ್ಟು, ಯಾವ ದಿನ, ಎಷ್ಟು ಗಂಟೆಗೆ. ಟೀ ಕುಡಿದವರು ಮರೆಯುತ್ತಾರೆ, ಮಾಡಿಕೊಟ್ಟವರೂ ಮರೆಯುತ್ತಾರೆ. ಆ ಸಂಖ್ಯೆ ಉಳಿಯುತ್ತದೆ.

ನೋಟಿಸ್‌ನ ಒಳಗಿನ ಲೆಕ್ಕ

ಕಾನೂನು ಏನು ಹೇಳುತ್ತದೆ ಎಂದು ಮೊದಲು ನೋಡೋಣ. ಜಿಎಸ್‌ಟಿ ಜಾರಿಯಾಗಿದ್ದು 2017ರ ಜುಲೈ 1ರಂದು. 2019ರ ಏಪ್ರಿಲ್‌ನಿಂದ ಸರಕು ಮಾರುವವರು ವರ್ಷಕ್ಕೆ 40 ಲಕ್ಷದ ವಹಿವಾಟು ದಾಟಿದರೆ ನೋಂದಣಿ ಮಾಡಿಸಬೇಕು. ಸೇವೆ ಕೊಡುವವರಿಗೆ ಮಿತಿ 20 ಲಕ್ಷ. ಹೋಟೆಲಿನಲ್ಲಿ ಬಡಿಸಿದ ಊಟ ತಿಂಡಿ ಕಾನೂನಿನ ಕಣ್ಣಿಗೆ ಸೇವೆ.

40 ಲಕ್ಷ ಅಂದರೆ ದೊಡ್ಡ ಮೊತ್ತ ಅನಿಸುತ್ತದೆ. ಭಾಗಿಸಿ ನೋಡಿ. ದಿನಕ್ಕೆ ಹತ್ತಿರ ಹತ್ತಿರ 11,000 ರೂಪಾಯಿ. ದಿನಕ್ಕೆ 300 ಜನ ಬಂದು ತಲಾ 40 ರೂಪಾಯಿ ವ್ಯಾಪಾರ ಮಾಡಿದರೆ 12,000. ವರ್ಷಕ್ಕೆ 43.8 ಲಕ್ಷ. ಬಸ್ ಸ್ಟಾಪಿನ ಪಕ್ಕದ ಬೇಕರಿಗೆ 300 ಜನ ಏನೇನೂ ಅಲ್ಲ. ನಮ್ಮ ಬೀದಿಯ ಬೇಕರಿಯವರಿಗೆ ಈ ಲೆಕ್ಕ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾವು ಬಡವರು ಅಂದ್ಕೊಂಡಿದ್ವಲ್ಲ ಸಾರ್," ಅಂದರು. ತಮಾಷೆಗೇ ಹೇಳಿದ್ದು. ಆದರೆ ಅದರಲ್ಲಿ ಒಂದು ನಿಜ ಇತ್ತು. ಅವರಿಗೆ ತಮ್ಮ ವ್ಯಾಪಾರ ಗೊತ್ತಿದ್ದದ್ದು ರಾತ್ರಿ ಗಲ್ಲಾದಲ್ಲಿ ಉಳಿದ ದುಡ್ಡಿನ ರೂಪದಲ್ಲಿ. ವರ್ಷಕ್ಕೆ ಎಷ್ಟು ಎಂದು ಯಾವತ್ತೂ ಕೂಡಿಸಿ ನೋಡಿರಲಿಲ್ಲ.

ಇಲ್ಲಿ ಒಂದು ತೊಡಕು. ಜಿಎಸ್‌ಟಿ ಮಿತಿ ನೋಡುವುದು ವಹಿವಾಟನ್ನು, ಲಾಭವನ್ನಲ್ಲ. ಹಾಲಿನ ಪ್ಯಾಕೆಟ್ ಮಾರಿದರೆ ಅಂಗಡಿಗೆ ಉಳಿಯುವುದು ಲೀಟರಿಗೆ ಕೆಲವೇ ರೂಪಾಯಿ. ಸಿಗರೇಟಿನಲ್ಲೂ ಹಾಗೇ, ದುಡ್ಡು ಓಡಾಡುವುದು ಜಾಸ್ತಿ, ಉಳಿಯುವುದು ಕಮ್ಮಿ. ಆದರೆ ಸ್ಕ್ಯಾನರ್‌ಗೆ ಬೀಳುವುದು ಪೂರ್ತಿ ಬೆಲೆ. ಬೆಳಿಗ್ಗೆ ನೂರು ಪ್ಯಾಕೆಟ್ ಹಾಲು ಮಾರುವ ಅಂಗಡಿ ಯುಪಿಐ ಪುಸ್ತಕದಲ್ಲಿ ಶ್ರೀಮಂತನ ಅಂಗಡಿಯ ಹಾಗೆ ಕಾಣುತ್ತದೆ.

ಈಗ ಹಾವೇರಿಗೆ ಬನ್ನಿ. ಅಲ್ಲಿನ ಒಬ್ಬ ತರಕಾರಿ ವ್ಯಾಪಾರಿಗೆ ಬಂದ ನೋಟಿಸ್ ಆ ತಿಂಗಳು ದೇಶವೆಲ್ಲ ಸುದ್ದಿಯಾಯಿತು. ನಾಲ್ಕು ವರ್ಷಗಳಲ್ಲಿ 1.63 ಕೋಟಿ ರೂಪಾಯಿ ವಹಿವಾಟು, ಕಟ್ಟಬೇಕಾದ ತೆರಿಗೆ ಸುಮಾರು 29 ಲಕ್ಷ. ಟಿವಿಯಲ್ಲಿ "ತರಕಾರಿ ಮಾರುವವನಿಗೆ 29 ಲಕ್ಷ" ಎಂದು ಓಡಿತು. ಅಲ್ಲಿಗೆ ನಿಲ್ಲಿಸದೆ ಅಂಕಿಗಳನ್ನು ಸ್ವಲ್ಪ ಹಿಂಡಿ ನೋಡಬೇಕು.

1.63 ಕೋಟಿಯನ್ನು ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 40.75 ಲಕ್ಷ. ಅಂದರೆ ಸರಾಸರಿಯಲ್ಲಿ ಮಿತಿ ದಾಟಿದ್ದು 75 ಸಾವಿರ ರೂಪಾಯಿಯಷ್ಟು. ಒಂದು ವಾರದ ವ್ಯಾಪಾರ. ಇನ್ನು 29 ಲಕ್ಷ ಎಲ್ಲಿಂದ ಬಂತು? 1.63 ಕೋಟಿಗೆ ಶೇ. 18 ಹಾಕಿದರೆ 29.34 ಲಕ್ಷ. ಖಾತೆಗೆ ಬಂದ ಪ್ರತಿ ರೂಪಾಯಿಗೂ ಶೇ. 18 ಹಾಕಿದ ಹಾಗೇ ಇದೆ. ತಾಜಾ ತರಕಾರಿಗೆ ಜಿಎಸ್‌ಟಿ ಎಷ್ಟು? ಸೊನ್ನೆ. ಬರೀ ತೆರಿಗೆ ಇಲ್ಲದ ಸರಕನ್ನೇ ಮಾರುವವರು ನೋಂದಣಿಯನ್ನೂ ಮಾಡಿಸಬೇಕಿಲ್ಲ, ವಹಿವಾಟು ಎಷ್ಟೇ ಇರಲಿ. ಇದು ಅದೇ ಕಾನೂನಿನಲ್ಲಿ ಇದೆ.

ಹಾಗಾದರೆ ಲೆಕ್ಕ ತಪ್ಪಿದ್ದೆಲ್ಲಿ? ಯುಪಿಐ ಪುಸ್ತಕದಲ್ಲಿ ಎಲ್ಲವೂ ಇದೆ ಎಂದೆನಲ್ಲ, ಒಂದು ಕಾಲಂ ಮಾತ್ರ ಇಲ್ಲ. ಏನು ಮಾರಿದರು ಎಂಬ ಕಾಲಂ. ಬಂದ ನೂರು ರೂಪಾಯಿ ಬದನೆಕಾಯಿಗೋ ಬಿಸ್ಕತ್ತಿಗೋ ಅದಕ್ಕೆ ಗೊತ್ತಿಲ್ಲ. ವ್ಯಾಪಾರದ ದುಡ್ಡೋ, ಅಳಿಯ ಕಳಿಸಿದ ಹಬ್ಬದ ದುಡ್ಡೋ, ಚೀಟಿ ಎತ್ತಿದ ದುಡ್ಡೋ ಅದೂ ಗೊತ್ತಿಲ್ಲ. ಸಣ್ಣ ಅಂಗಡಿಯವರಲ್ಲಿ ಮನೆಯ ಖಾತೆ, ಅಂಗಡಿಯ ಖಾತೆ ಅಂತ ಬೇರೆ ಇರುವುದು ಅಪರೂಪ. ಊರಿಂದ ತಮ್ಮ ಕಳಿಸಿದ ಸಾಲದ ಹಣವೂ ಅದೇ ನಂಬರಿಗೆ ಬೀಳುತ್ತದೆ. "ಸಾರ್, ಐನೂರು ಸ್ಕ್ಯಾನ್ ಮಾಡ್ತೀನಿ, ಕ್ಯಾಷ್ ಕೊಡ್ತೀರಾ?" ಎಂದು ಕೇಳಿದವರ ಹಣವೂ ಅಷ್ಟೇ. ಬೇಕರಿಯೇ ಬೀದಿಯ ಎಟಿಎಂ ಆಗಿತ್ತು. ಆ ಉಪಕಾರವೂ ಪುಸ್ತಕದಲ್ಲಿ ಮಾರಾಟ ಎಂದೇ ಕಾಣುತ್ತದೆ.

ಇಲಾಖೆ ಹೇಳಿದ್ದು, ಈ ನೋಟಿಸ್ ಅಂತಿಮ ಆದೇಶ ಅಲ್ಲ, ವಿವರಣೆ ಕೊಡಿ, ದಾಖಲೆ ತೋರಿಸಿ ಎಂದು. ಕಾಗದದ ಮೇಲೆ ಸರಿ. ಆದರೆ ದಾಖಲೆ ಎಲ್ಲಿದೆ? 2021ರ ಟೊಮೆಟೊ ಚೀಟಿ ಯಾರ ಹತ್ತಿರ ಇರುತ್ತದೆ? ಒಂದು ಕಡೆ ಪೈಸೆ ಪೈಸೆಯ ಲೆಕ್ಕ ಇರುವ ಪುಸ್ತಕ. ಇನ್ನೊಂದು ಕಡೆ ಮಂಡಿಯಿಂದ ಬಂದ, ಒದ್ದೆಯಾಗಿ ಹರಿದ ಚೀಟಿ. ನೋಟಿಸ್ ನೋಡಿದ ಕೂಡಲೇ ಸೋತೆವು ಅನಿಸಿದ್ದು ಇದಕ್ಕೇ ಇರಬೇಕು.

ಇಲಾಖೆಯ ಕಡೆಯೂ ನ್ಯಾಯ ಇಲ್ಲದೆ ಇಲ್ಲ. ಅದೇ ಬೀದಿಯಲ್ಲಿ ನೋಂದಣಿ ಮಾಡಿಸಿ, ಆಡಿಟರ್‌ಗೆ ದುಡ್ಡು ಕೊಟ್ಟು, ಸರಿಯಾಗಿ ತೆರಿಗೆ ಕಟ್ಟುವ ಅಂಗಡಿಯವರು ಇದ್ದಾರೆ. ಅವರ ಎದುರಿಗೆ ಅಷ್ಟೇ ವ್ಯಾಪಾರ ಮಾಡುವವರು ಏನೂ ಕಟ್ಟದೆ ಇದ್ದರೆ ಅದು ಸರಿಯೇ? ಸಣ್ಣವರಿಗೆ ಸುಲಭದ ದಾರಿಯೂ ಇತ್ತು. ಕಾಂಪೋಸಿಷನ್ ಸ್ಕೀಮ್, ಇಲಾಖೆಯ ಕನ್ನಡದಲ್ಲಿ ರಾಜಿ ತೆರಿಗೆ. 1.5 ಕೋಟಿವರೆಗೆ ವಹಿವಾಟು ಇರುವ ವ್ಯಾಪಾರಿ ಶೇ. 1 ಕಟ್ಟಿದರೆ ಸಾಕು. ಹೋಟೆಲಿನವರಿಗೆ ಶೇ. 5. ಮೂರು ತಿಂಗಳಿಗೊಮ್ಮೆ ಕಟ್ಟಬೇಕು, ವರ್ಷಕ್ಕೆ ಒಂದು ರಿಟರ್ನ್ ಹಾಕಬೇಕು. ತೆರಿಗೆ ಇರುವ ಸರಕನ್ನೇ ಮಾರುವ ಅಂಗಡಿಯೊಂದು ಈ ದಾರಿಯಲ್ಲಿ ಇದ್ದಿದ್ದರೆ ನಾಲ್ಕು ವರ್ಷದ 1.63 ಕೋಟಿಗೆ 1.63 ಲಕ್ಷ ಕಟ್ಟುತ್ತಿತ್ತು. 29 ಲಕ್ಷ ಎಲ್ಲಿ, ಇದೆಲ್ಲಿ.

ನನ್ನ ತಕರಾರು ಇರುವುದು ಸಮಯದ ಬಗ್ಗೆ. ಬ್ಯಾಂಕ್ ಖಾತೆಯಲ್ಲಿ ಐನೂರು ಕಮ್ಮಿಯಾದರೆ ನಮಗೆ ಸಂದೇಶ ಬರುತ್ತದೆ. ಅದೇ ಪುಸ್ತಕ ಓದಬಲ್ಲವರು 2022ರಲ್ಲೇ ಒಂದು ಸಂದೇಶ ಕಳಿಸಬಹುದಿತ್ತು: ನಿಮ್ಮ ವಹಿವಾಟು 35 ಲಕ್ಷ ಮುಟ್ಟಿದೆ, 40 ದಾಟಿದರೆ ನೋಂದಣಿ ಮಾಡಿಸಿ, ಶೇ. 1ರ ದಾರಿ ಇದೆ. ತಂತ್ರಜ್ಞಾನಕ್ಕೆ ಇದು ಕಷ್ಟದ ಕೆಲಸವೇ ಅಲ್ಲ. ಹಾಗೆ ಆಗಲಿಲ್ಲ. ನಾಲ್ಕು ವರ್ಷದ ಪುಸ್ತಕ ಒಂದೇ ದಿನ ಮನೆ ಬಾಗಿಲಿಗೆ ಬಂದು ಬಿತ್ತು.

ಕ್ಯಾಷ್ ದಿನಗಳು

ಹಾಳೆ ಅಂಟಿಸಿದ ಮೇಲೆ ಬೇಕರಿಯಲ್ಲಿ ಏನಾಯಿತು ಎಂದು ದಿನಾ ಹೋಗಿ ನೋಡುತ್ತಿದ್ದೆ. ಮೊದಲ ಎರಡು ದಿನ ಜನ ಸಹಕರಿಸಿದರು. ಪರಿಚಯದವರು ಮನೆಗೆ ಹೋಗಿ ನೋಟು ತಂದು ಕೊಟ್ಟರು. ಆಮೇಲೆ ಶುರುವಾಯಿತು ನೋಡಿ. ಮತ್ತೆ ಚಿಲ್ಲರೆ ಇಲ್ಲ! ಒಂಬತ್ತು ವರ್ಷದಲ್ಲಿ ಚಿಲ್ಲರೆ ಕೂಡಿಡುವ ಅಭ್ಯಾಸವೇ ಹೋಗಿತ್ತು. ಗಲ್ಲಾಪೆಟ್ಟಿಗೆಯ ನಾಣ್ಯದ ಬಟ್ಟಲಲ್ಲಿ ರಬ್ಬರ್ ಬ್ಯಾಂಡು, ಸ್ಟೇಪ್ಲರ್ ಪಿನ್ನು ಇದ್ದವು. ಚಾಕಲೇಟ್ ಡಬ್ಬ ಮತ್ತೆ ಗಲ್ಲಾದ ಪಕ್ಕ ಬಂತು.

ಕಾಲೇಜು ಹುಡುಗರು, ಪಿಜಿಯಲ್ಲಿ ಇರುವವರು ಹಾಳೆ ಓದಿ ಹಾಗೇ ಮುಂದೆ ಹೋದರು. ಅವರ ಹತ್ತಿರ ಪರ್ಸೇ ಇಲ್ಲ. ಇದ್ದರೂ ಅದರಲ್ಲಿ ಆಧಾರ್ ಕಾರ್ಡ್ ಇರುತ್ತದೆ, ದುಡ್ಡು ಇರುವುದಿಲ್ಲ. ಅವರನ್ನು ಬೈಯಲು ನನಗೆ ಬಾಯಿ ಇಲ್ಲ, ನಾನೂ ಅದೇ ಜಾತಿ. ಎದುರು ಸಾಲಿನಲ್ಲಿ ಒಂದು ಅಂಗಡಿ ಸ್ಕ್ಯಾನರ್ ತೆಗೆದಿರಲಿಲ್ಲ. ಸಂಜೆಯ ಗುಂಪು ಅಲ್ಲಿಗೆ ಹೋಯಿತು.

ಕೆಲವು ಕಡೆ ಜಾಣತನವೂ ನಡೆಯಿತು. ಸ್ಕ್ಯಾನರ್ ಇಲ್ಲ, "ಈ ನಂಬರಿಗೆ ಕಳಿಸಿ" ಎಂದು ಮನೆಯವರ ನಂಬರ್ ಹೇಳುವುದು. ಒಂದು ದಿನ ಹೆಂಡತಿಯದು, ಇನ್ನೊಂದು ದಿನ ಮಗನದು. ಆ ನಂಬರಿನ ಹಿಂದೆಯೂ ಬ್ಯಾಂಕ್ ಖಾತೆ ಇದೆ, ಖಾತೆಗೆ ಪ್ಯಾನ್ ಇದೆ ಎಂಬುದನ್ನು ಮರೆತಿದ್ದರು. ಇಲಾಖೆಯೂ ಆಗ ಪ್ರಕಟಣೆ ಕೊಟ್ಟಿತು: ಹಣ ಯಾವ ರೂಪದಲ್ಲಿ ಬಂದರೂ ತೆರಿಗೆ ಒಂದೇ, ನಗದಿಗೆ ಹೋದರೆ ತಪ್ಪಿಸಿಕೊಂಡ ಹಾಗೆ ಅಲ್ಲ.

ನಮ್ಮ ಬೇಕರಿಯವರಿಗೆ ನಿಜವಾದ ಪೆಟ್ಟು ಬಿದ್ದದ್ದು ಹಿಂಬಾಗಿಲಲ್ಲಿ. ಮೈದಾ ಮೂಟೆ, ಡಾಲ್ಡಾ, ಗ್ಯಾಸ್ ಸಿಲಿಂಡರ್ ತಂದು ಹಾಕುವವರು ಎಲ್ಲರೂ ಯುಪಿಐ ಕೇಳುತ್ತಾರೆ. ಗಲ್ಲಾದಲ್ಲಿ ನೋಟು ತುಂಬಿದೆ, ಖಾತೆ ಖಾಲಿ. ಮಧ್ಯಾಹ್ನ ಅಂಗಡಿ ಹುಡುಗನನ್ನು ಬಿಟ್ಟು ಬ್ಯಾಂಕಿಗೆ ಹೋಗಿ ನೋಟು ಕಟ್ಟಿ ಬರಬೇಕಾಯಿತು. ಇನ್ನೊಂದು ವಿಷಯ ಆಗಲೇ ಗೊತ್ತಾಗಿದ್ದು. ಎರಡು ವರ್ಷದ ಹಿಂದೆ ದೊಡ್ಡ ಫ್ರಿಜ್ ತೆಗೆದುಕೊಳ್ಳಲು ಅವರಿಗೆ ಒಂದು ಆ್ಯಪ್ ಮೂಲಕ ಸಾಲ ಸಿಕ್ಕಿತ್ತು. ಜಾಮೀನು ಇಲ್ಲ, ಕಾಗದ ಇಲ್ಲ. ದಿನದ ಸ್ಕ್ಯಾನರ್ ಕಲೆಕ್ಷನ್ ನೋಡಿ ಕೊಟ್ಟ ಸಾಲ. ಕಂತೂ ದಿನಾ ಅದರಲ್ಲೇ ಕಡಿತ. ಬ್ಯಾಂಕಿನಲ್ಲಿ ಕೇಳಿದ್ದರೆ ಮೂರು ವರ್ಷದ ರಿಟರ್ನ್ ತನ್ನಿ ಅನ್ನುತ್ತಿದ್ದರು.

"ಅವತ್ತು ಇದೇ ಲೆಕ್ಕ ನೋಡಿ ಸಾಲ ಕೊಟ್ರು ಸಾರ್. ಇವತ್ತು ಇದೇ ಲೆಕ್ಕಕ್ಕೆ ಹೆದರ್ಕೊಂಡು ಕೂತಿದೀನಿ," ಅಂದರು. ಇಡೀ ಪ್ರಕರಣದಲ್ಲಿ ನಾನು ಕೇಳಿದ ಅತ್ಯಂತ ಸರಿಯಾದ ಮಾತು ಇದು. ತಜ್ಞರ ಬಾಯಲ್ಲಿ ಕೇಳಲಿಲ್ಲ.

ಜುಲೈ 23 ಮತ್ತು ಆಮೇಲೆ

ರಾಜಕೀಯ ನಡೆಯಬೇಕಾದ ಹಾಗೇ ನಡೆಯಿತು. ನೋಟಿಸ್ ಕೊಟ್ಟಿದ್ದು ಕೇಂದ್ರದ ಜಿಎಸ್‌ಟಿ ಎಂದು ರಾಜ್ಯದ ಕಡೆಯಿಂದ ಮಾತು ಬಂತು. ಕೇಂದ್ರ ಸಚಿವ ಪ್ರಹ್ಲಾದ್ ಜೋಶಿ, ಕೊಟ್ಟಿದ್ದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯೇ ಎಂದರು. ನೋಟಿಸಿನ ಮೇಲೆ ಇದ್ದದ್ದು ರಾಜ್ಯದ ಇಲಾಖೆಯ ಹೆಸರೇ. ಕಟ್ಟುವ ಜಿಎಸ್‌ಟಿಯಲ್ಲಿ ಅರ್ಧ ಅವರದ್ದು, ಅರ್ಧ ಇವರದ್ದು, ಆ ಮಾತು ಬೇರೆ.

ವ್ಯಾಪಾರಿಗಳು ಜುಲೈ 25ಕ್ಕೆ ಬಂದ್ ಕರೆ ಕೊಟ್ಟರು. ಅದಕ್ಕೆ ಮೊದಲು 23ರಂದು ಬೆಂಗಳೂರಿನ ಹಲವು ಅಂಗಡಿಗಳಲ್ಲಿ ಹಾಲಿನ ಟೀ ಕಾಫಿ ಇಲ್ಲ, ಬರೀ ಬ್ಲ್ಯಾಕ್ ಟೀ. ಪ್ರತಿಭಟನೆಗೆ ಹಾಲನ್ನೇ ಆರಿಸಿಕೊಂಡದ್ದು ನನಗೆ ಹಿಡಿಸಿತು. ಲಾಭ ಕಮ್ಮಿ, ವಹಿವಾಟು ಜಾಸ್ತಿ ಇರುವ ಸರಕು ಅದೇ ಅಲ್ವಾ.

ಅದೇ ದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಮುಖಂಡರನ್ನು ಕರೆದು ಮಾತಾಡಿದರು. ತರಕಾರಿ, ಹಾಲು, ಹಣ್ಣಿನಂಥ ತೆರಿಗೆ ಇಲ್ಲದ ಸರಕು ಮಾರುವವರ ಮೇಲೆ ಕ್ರಮ ಇಲ್ಲ. ಉಳಿದವರು ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲಿ ಇಲ್ಲ. ಮುಂದಕ್ಕೆ ಮಾತ್ರ ಕಾನೂನು ಪ್ರಕಾರ ಕಟ್ಟಬೇಕು. ಬಂದ್ ಕೈಬಿಟ್ಟರು. ಇಲಾಖೆಯವರು ಊರೂರಲ್ಲಿ ತಿಳಿವಳಿಕೆ ಸಭೆ ಶುರುಮಾಡಿದರು. ಮೂರು ವರ್ಷ ಮೊದಲೇ ಆಗಬೇಕಿದ್ದ ಸಭೆಗಳು.

ಹಾಳೆಗಳು ಎಷ್ಟು ಬೇಗ ಅಂಟಿಕೊಂಡಿದ್ದವೋ ಅಷ್ಟೇ ಬೇಗ ಕಾಣೆಯಾದವು. ದೇಶದ ಮಟ್ಟದಲ್ಲಿ ಈ ಗಲಾಟೆಯ ಗುರುತೇ ಇಲ್ಲ. ಆ ಜುಲೈನಲ್ಲಿ ದೇಶದಲ್ಲಿ ನಡೆದ ಯುಪಿಐ ವ್ಯವಹಾರಗಳ ಸಂಖ್ಯೆ 1,947 ಕೋಟಿ. ಮರು ತಿಂಗಳು ಮೊದಲ ಸಲ 2,000 ಕೋಟಿ ದಾಟಿತು. 2019ರ ಅಕ್ಟೋಬರ್‌ನಲ್ಲಿ ತಿಂಗಳಿಗೆ 100 ಕೋಟಿ ಮುಟ್ಟಿದ್ದೇ ದೊಡ್ಡ ಸುದ್ದಿಯಾಗಿತ್ತು. ಅಂಗಡಿಯವರು ನಗದಿಗೆ ವಾಪಸ್ ಹೋಗಬೇಕು ಅಂದುಕೊಂಡರೂ ಹೋಗಲು ಆಗಲಿಲ್ಲ. ಗಿರಾಕಿ ಜೊತೆಗೆ ಬರಲಿಲ್ಲ.

ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳೇ ಬದಲಾದವು. ಬಿಸ್ಕತ್ತು, ಕೇಕಿಗೆ ಶೇ. 18 ಇದ್ದದ್ದು 5ಕ್ಕೆ ಬಂತು. ಖಾರದ ತಿಂಡಿಗೆ 12 ಇದ್ದದ್ದೂ 5 ಆಯಿತು. ನೋಟಿಸ್ ಗಲಾಟೆಗೂ ಇದಕ್ಕೂ ಸಂಬಂಧ ಇಲ್ಲ. ಆದರೆ ಬೇಕರಿಯಲ್ಲಿ ನಿಂತು ನೋಡಿದರೆ ಎರಡೂ ಒಂದೇ ಕಥೆಯ ಹಾಗೆ ಕಾಣುತ್ತದೆ.

ನಮ್ಮ ಬೀದಿಯ ಬೇಕರಿಯವರು ಕೊನೆಗೆ ಒಬ್ಬ ಆಡಿಟರ್ ಹತ್ತಿರ ಹೋದರು. ಮೊದಲ ಪ್ರಶ್ನೆಗೇ ಸುಸ್ತು. "ಟೀ ಇಲ್ಲೇ ನಿಂತು ಕುಡೀತಾರಾ, ಪಾರ್ಸಲ್ಲಾ?" ಟೀ ಕೊಟ್ಟರೆ ಹೋಟೆಲ್ ಲೆಕ್ಕ, ಬ್ರೆಡ್ಡು ಬನ್ನು ಮಾಡಿದರೆ ತಯಾರಕರ ಲೆಕ್ಕ, ತಂದ ಬಿಸ್ಕತ್ತು ಮಾರಿದರೆ ವ್ಯಾಪಾರಿ ಲೆಕ್ಕ. ಒಂದೇ ಕೌಂಟರಿನ ಹಿಂದೆ ಮೂರು ಜನ ನಿಂತಿದ್ದಾರೆ ಎಂದು ಇವರಿಗೆ ಗೊತ್ತೇ ಇರಲಿಲ್ಲ. ಹಾಲಿನ ಲೆಕ್ಕ ಬೇರೆಯೇ ಇಡಿ ಅಂದರು. ಮನೆಯ ದುಡ್ಡಿಗೆ, ಚೀಟಿ ದುಡ್ಡಿಗೆ ಬೇರೆ ಖಾತೆ ಮಾಡಿ ಅಂದರು. ಕೊನೆಗೆ ರಾಜಿ ತೆರಿಗೆಯಲ್ಲಿ ನೋಂದಣಿ ಆಯಿತು.

ರಾಜಿ ತೆರಿಗೆಯವರು ಗಿರಾಕಿಯಿಂದ ಜಿಎಸ್‌ಟಿ ಅಂತ ಬೇರೆ ತೆಗೆದುಕೊಳ್ಳುವ ಹಾಗಿಲ್ಲ. ತಾವು ಆ ಪದ್ಧತಿಯವರು ಎಂದು ಅಂಗಡಿಯಲ್ಲಿ ಬೋರ್ಡ್ ಹಾಕಬೇಕು. ಸ್ಕ್ಯಾನರ್ ಮತ್ತೆ ಹಳೆಯ ಜಾಗಕ್ಕೆ ಬಂತು. ಅದರ ಮೇಲೆ, ನೋಟ್‌ಬುಕ್ ಹಾಳೆಯ ಅಂಟು ಇನ್ನೂ ಉಳಿದಿದ್ದ ಕಡೆ, ಈ ಹೊಸ ಬೋರ್ಡ್. ಗಲ್ಲಾದ ಪಕ್ಕ ಒಂದು ಉದ್ದ ಪುಸ್ತಕ. ಎಡಗಡೆ "ಹಾಲು" ಎಂದು ಬರೆದು ಗೆರೆ ಹೊಡೆದಿದ್ದಾರೆ. ಬಲಗಡೆ "ಉಳಿದದ್ದು".

ಮೊನ್ನೆ ಅರ್ಧ ಲೀಟರ್ ಹಾಲು ತಗೊಂಡು ಸ್ಕ್ಯಾನ್ ಮಾಡಿದೆ. ಡಬ್ಬಿ ಮೊತ್ತ ಕೂಗಿತು. ಅವರು ಪೆನ್ನು ತೆಗೆದುಕೊಂಡು ಎಡಗಡೆ ಬರೆದರು. ಜೊತೆಗೆ ಒಂದು ಬನ್ನು ಕೇಳಿದೆ. "ಅದಕ್ಕೆ ಬೇರೆ ಸ್ಕ್ಯಾನ್ ಮಾಡಿ ಸಾರ್," ಅಂದರು.